ಸೌಂಡ್ ತೆಗೆದ 38 ಸೆಕೆಂಡ್

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಬರುವ ಊರು, ಚಾನೆಲ್, ಜನ ಯಾರ ಗುರುತೂ ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬದಲಿಸದೆ ಬಿಟ್ಟಿದ್ದು ಡೆಸ್ಕ್‌ನಲ್ಲಿ ಯಾರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನೋದನ್ನ. ಅದರಲ್ಲಿ ಮೊದಲ ತಪ್ಪು ನನ್ನದೇ. ಆಗ ನಾನು ಒಂದು ಕನ್ನಡ ನ್ಯೂಸ್ ಚಾನೆಲ್‌ನ ಔಟ್‌ಪುಟ್‌ನಲ್ಲಿ, ಅಂದರೆ ಬಂದ ಸುದ್ದಿಯನ್ನ ಪ್ರಸಾರಕ್ಕೆ ಸಿದ್ಧ ಮಾಡುವ ವಿಭಾಗದಲ್ಲಿ, ಮಧ್ಯಾಹ್ನದ ಶಿಫ್ಟ್ ನೋಡುತ್ತಿದ್ದೆ. ಟೀವಿ ಪರದೆಯ ತಲೆಬರಹ ಅಂದರೆ ಬ್ಯಾಂಡ್ ಬರೆಯೋದು, ಯಾವ ಸುದ್ದಿ ಯಾವಾಗ ಅನ್ನೋ ರನ್‌ಡೌನ್ ಕಟ್ಟೋದು, ಆಂಕರ್ ಕಿವಿಗೆ ಮಾತು ಹಾಕೋದು, ಇಷ್ಟು ಕೆಲಸ.

2018ರ ಮಳೆಗಾಲ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವದಂತಿ ವಾಟ್ಸಾಪ್‌ನಲ್ಲಿ ಊರೂರು ಸುತ್ತುತ್ತಿದ್ದ ಕಾಲ. ಬೈಕಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಮಾಡಿದ್ದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ತಂದು ಬಿಡುತ್ತಾರೆ, ಯಾರೋ ಆ ಭಾಗ ಕತ್ತರಿಸಿ ಹರಿಬಿಟ್ಟಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 1ಕ್ಕೆ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಭಿಕ್ಷೆ ಬೇಡಿ ಬದುಕುವ ಅಲೆಮಾರಿಗಳು, ಐದು ಜನ. ಅದಾಗಿ ಎರಡು ವಾರದೊಳಗೆ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಟೆಕ್ಕಿ. ಅಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ನೆಪ ಆಯಿತು. ಒಂದೇ ಸಲಕ್ಕೆ ಐದು ಕಡೆಗಿಂತ ಜಾಸ್ತಿ ಫಾರ್ವರ್ಡ್ ಮಾಡದ ಹಾಗೆ ವಾಟ್ಸಾಪ್ ಕಂಪನಿ ಲಿಮಿಟ್ ಹಾಕಿತು. ಚಾನೆಲ್‌ಗಳಿಗೆ ಅಂಥ ಲಿಮಿಟ್ ಏನೂ ಇರಲಿಲ್ಲ, ಅದು ಬೇರೆ ಮಾತು.

ನಾನು ಹೇಳುವ ಘಟನೆ ಮುರ್ಕಿ ಆಗಿ ಕೆಲವು ವಾರದ ಮೇಲಿನದು. ಅಂದರೆ ನಮಗೆ ಗೊತ್ತಿರಲಿಲ್ಲ ಅಂತ ಹೇಳೋ ಹಾಗಿಲ್ಲ.

ತಾಲ್ಲೂಕು ಮಟ್ಟದಲ್ಲಿ ನಮಗೆ ಸಂಬಳದ ವರದಿಗಾರರು ಇರಲಿಲ್ಲ, ಇದ್ದವರು ಸ್ಟ್ರಿಂಗರ್‌ಗಳು. ಕೈಗೆ ಚಾನೆಲ್ ಲೋಗೋ ಇರುವ ಮೈಕ್ ಕೊಟ್ಟಿರುತ್ತಾರೆ, ದುಡ್ಡು ಸ್ಟೋರಿ ಲೆಕ್ಕ, ಅದೂ ಏರ್ ಆದರೆ, ಅಂದರೆ ಪ್ರಸಾರ ಆದರೆ ಮಾತ್ರ. ಈ ಪ್ರಕರಣದ ಸ್ಟ್ರಿಂಗರ್ ಹುಡುಗ ತಾಲ್ಲೂಕು ಪಟ್ಟಣದ ಬಸ್ ಸ್ಟ್ಯಾಂಡ್ ಎದುರು ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟುಕೊಂಡಿದ್ದ. ಚುರುಕು, ಸುಳ್ಳು ಹೇಳುವವನಲ್ಲ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ಇಂಥ ಪ್ರಕರಣ ಕೇಳಿದ ಕೂಡಲೇ ಎಲ್ಲರೂ ಸ್ಟ್ರಿಂಗರ್ ಮೇಲೆ ಗೂಬೆ ಕೂರಿಸುತ್ತಾರೆ. ಅವನು ಕಳಿಸಿದ್ದು ಒಂದು ವಿಡಿಯೊ. ಅದನ್ನು ಸುದ್ದಿ ಮಾಡಿದ್ದು ನಾವು.

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಹೊರಗಿನ ಸುದ್ದಿ ಬಂದು ಸೇರುವ ಇನ್‌ಪುಟ್ ಗ್ರೂಪಿಗೆ ಅದು ಬಂತು. 38 ಸೆಕೆಂಡ್. ಒಂದು ಹಳ್ಳಿಯ ಅರಳಿಕಟ್ಟೆ. ಸುಮಾರು 50 ವರ್ಷದ ಹೆಂಗಸು ನೆಲದಲ್ಲಿ ಕೂತಿದ್ದಾಳೆ, ಸುತ್ತ ಗಂಡಸರ ಕಾಲುಗಳು. ಆಕೆಯ ಚೀಲ ಬೋರಲು ಹಾಕಿದ್ದಾರೆ. ಸ್ಟೀಲ್ ಡಬ್ಬಿಗಳು, ಒಂದು ಸಣ್ಣ ತಕ್ಕಡಿ, ಕಪ್ಪಗೆ ಏನೋ ತುಂಬಿದ ಪ್ಲಾಸ್ಟಿಕ್ ಕವರ್, ಪೆಪ್ಪರ್‌ಮೆಂಟ್ ಪ್ಯಾಕೆಟ್. ಕ್ಯಾಮೆರಾ ಹಿಡಿದವನು ಪೆಪ್ಪರ್‌ಮೆಂಟ್ ಹತ್ತಿರ ಹೋಗಿ ಜೂಮ್ ಮಾಡುತ್ತಾನೆ. ಪಕ್ಕದಲ್ಲಿ ನಾಲ್ಕೈದು ವರ್ಷದ ಒಂದು ಹುಡುಗಿ, ಮುಖ ಪೂರ್ತಿ ಕಾಣುತ್ತದೆ, ಅಳುತ್ತಿದೆ. ಹಿಂದಿನಿಂದ ಒಬ್ಬ ಹೆಂಗಸಿನ ತಲೆಗೆ ಹೊಡೆಯುತ್ತಾನೆ. ಅಲ್ಲಿಗೆ ಮುಗಿಯಿತು. ಕೆಳಗೆ ಸ್ಟ್ರಿಂಗರ್ ಬರೆದಿದ್ದ: ಮಕ್ಕಳ ಕಳ್ಳಿ ಅಂತ ಹಿಡಿದಿದ್ದಾರೆ ಸರ್, ಸ್ಟೇಷನ್‌ಗೆ ಕರ್ಕೊಂಡು ಹೋಗ್ತಿದ್ದಾರಂತೆ.

'ಅಂತ', 'ಅಂತೆ'. ಆ ಮೆಸೇಜಿನಲ್ಲಿ ಎರಡೂ ಇದ್ದವು. ಕೇಳಿದ ಮಾತು, ಕಂಡಿದ್ದಲ್ಲ ಅಂತ ಹೇಳೋದಕ್ಕೆ ಕನ್ನಡದಲ್ಲಿ ಎಷ್ಟು ಚೆನ್ನಾಗಿ ವ್ಯವಸ್ಥೆ ಇದೆ ನೋಡಿ. ನಮ್ಮ ಡೆಸ್ಕ್ ದಾಟುವಾಗ ಮೊದಲು ಉದುರೋದೇ ಅವು.

ಜಿಲ್ಲಾ ವರದಿಗಾರರಿಗೆ ಫೋನ್ ಮಾಡಿದೆ. ಎಸ್‌ಐ ಫೋನ್ ಎತ್ತುತ್ತಿಲ್ಲ, ಅರ್ಧ ಗಂಟೆ ಕೊಡಿ ಅಂದರು. ಅಷ್ಟರಲ್ಲಿ ಎದುರಿನ ಗೋಡೆಯ ಮಾನಿಟರ್‌ಗಳಲ್ಲಿ ಇನ್ನೊಂದು ಚಾನೆಲ್ ಅದೇ ವಿಡಿಯೊ ಹಾಕಿಬಿಟ್ಟಿತು. ನ್ಯೂಸ್ ಡೆಸ್ಕ್‌ನಲ್ಲಿ ಕೆಲಸ ಮಾಡಿದವರಿಗೆ ಆ ಕ್ಷಣ ಗೊತ್ತು. ಯಾರೋ 'ಅಲ್ಲಿ ಹೊಡೀತಾ ಇದ್ದಾರೆ' (ಅಂದರೆ ಆ ಚಾನೆಲ್ ಸುದ್ದಿ ಹಾಕ್ತಾ ಇದೆ) ಅಂತ ಕೂಗುತ್ತಾರೆ, ಎಲ್ಲರ ತಲೆ ಒಟ್ಟಿಗೆ ಮೇಲೆ ಏಳುತ್ತದೆ, ಆಮೇಲೆ ಪ್ರಶ್ನೆ 'ನಿಜಾನಾ' ಅನ್ನೋದು ಆಗಿರೋದಿಲ್ಲ, 'ನಮ್ಮಲ್ಲಿ ಯಾಕಿಲ್ಲ' ಅನ್ನೋದು ಆಗಿರುತ್ತದೆ. ಶಿಫ್ಟ್ ಇನ್‌ಚಾರ್ಜ್ ಎರಡು ಸಾಲು ಆಚೆಯಿಂದ ಹೇಳಿದರು: 'ಕ್ವೆಶ್ಚನ್ ಮಾರ್ಕ್ ಹಾಕಿ ಹೊಡೀರಿ.'

ನಾನು ಹೊಡೆದೆ. ಟಾಪ್ ಬ್ಯಾಂಡ್: ಸಿಕ್ಕಿಬಿದ್ದ ಮಕ್ಕಳ ಕಳ್ಳಿ?

ಈ ಪ್ರಶ್ನಾರ್ಥಕ ಚಿಹ್ನೆ ಬಗ್ಗೆ ಸ್ವಲ್ಪ ಹೇಳಬೇಕು. ಡೆಸ್ಕ್‌ಗಳಲ್ಲಿ ಒಂದು ನಂಬಿಕೆ ಇದೆ, ಅದನ್ನು ಹಾಕಿಬಿಟ್ಟರೆ ನಾವು ಆರೋಪ ಮಾಡಿದ ಹಾಗಲ್ಲ, ಸುಮ್ನೆ ಕೇಳಿದ ಹಾಗೆ ಅಂತ. ಆದರೆ ಟೀವಿಯನ್ನು ಅರ್ಧ ಜನ ನೋಡೋದಿಲ್ಲ, ಕೇಳುತ್ತಾರೆ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ, ಸಲೂನ್‌ನಲ್ಲಿ ಕಣ್ಣು ಮುಚ್ಚಿಕೊಂಡು. ಆಂಕರ್ ಬ್ಯಾಂಡ್ ಓದಿದಳು: 'ಸಿಕ್ಕಿಬಿದ್ದ ಮಕ್ಕಳ ಕಳ್ಳಿ.' ಚಿಹ್ನೆ ಎಲ್ಲಿ ಹೋಯಿತು? ಅದಕ್ಕೆ ಉಚ್ಚಾರ ಇಲ್ಲ. ಅವಳು ತಪ್ಪು ಓದಲಿಲ್ಲ, ನಾನು ಬರೆದಿದ್ದೇ ಹಾಗೆ.

ವಿಡಿಯೊದ ಸೌಂಡ್ ಗಲಾಟೆ, ಬೈಗುಳ ಬೇರೆ. ಹಾಗಾಗಿ ಎಡಿಟರ್ ಅದನ್ನು ಮ್ಯೂಟ್ ಮಾಡಿ ಕ್ರೈಮ್ ಸುದ್ದಿಗೆ ಇಟ್ಟಿದ್ದ ಧಡ್ ಧಡ್ ಮ್ಯೂಸಿಕ್ ಹಾಕಿದ. ಪೆಪ್ಪರ್‌ಮೆಂಟ್ ಪ್ಯಾಕೆಟ್‌ಗೆ ಕೆಂಪು ವೃತ್ತ ಎಳೆದ. ಇದನ್ನು ಯಾರೂ ಹೇಳಿ ಮಾಡಿಸಲಿಲ್ಲ, ಅಭ್ಯಾಸ. ಆಮೇಲೆ ಫೋನೋ, ಅಂದರೆ ಪ್ರತಿನಿಧಿ ಜೊತೆ ಲೈವ್‌ನಲ್ಲಿ ಫೋನ್ ಮಾತು. 'ಸ್ಥಳದಿಂದ ನಮ್ಮ ಪ್ರತಿನಿಧಿ ಸಂಪರ್ಕದಲ್ಲಿದ್ದಾರೆ' ಅಂತ ಆಂಕರ್ ಹೇಳಿದಾಗ ಆ ಹುಡುಗ ಸ್ಥಳದಿಂದ 20 ಕಿಲೋಮೀಟರ್ ದೂರ, ತನ್ನ ಅಂಗಡಿಯ ಕೌಂಟರ್ ಹಿಂದೆ ನಿಂತಿದ್ದ. ವಿಡಿಯೊ ಅವನಿಗೆ ಸಿಕ್ಕಿದ್ದು ಪಕ್ಕದ ಹೋಟೆಲಿನವನಿಂದ. ಆಂಕರ್ ನಾಲ್ಕು ನಿಮಿಷ ಪ್ರಶ್ನೆ ಕೇಳಿದಳು. ಎಷ್ಟು ಮಕ್ಕಳನ್ನ ಕದ್ದಿರಬಹುದು? ಹಿಂದೆ ದೊಡ್ಡ ಜಾಲ ಇರಬಹುದಾ? ಅವನು 'ಇರಬಹುದು' ಅಂದ. ಇನ್ನೇನು ಹೇಳುತ್ತಾನೆ ಪಾಪ, ಇಲ್ಲ ಅನ್ನೋಕೂ ಅವನಿಗೆ ಗೊತ್ತಿರಲಿಲ್ಲ.

ಒಂದು ಇಪ್ಪತ್ತಾರರಿಂದ ನಾಲ್ಕು ನಲವತ್ತರವರೆಗೆ ಆ ಕ್ಲಿಪ್ ಲೂಪ್‌ನಲ್ಲಿ 30ಕ್ಕೂ ಜಾಸ್ತಿ ಸಲ ಓಡಿತು. ಆಮೇಲೆ ಲಾಗ್ ತೆಗೆದು ನಾನೇ ಎಣಿಸಿದ್ದು. ಹೆಂಗಸಿನ ಮುಖ ಬ್ಲರ್ ಮಾಡಿರಲಿಲ್ಲ. ಆ ಮಗುವಿನ ಮುಖವನ್ನೂ ಮಾಡಿರಲಿಲ್ಲ, ಇದು ಬೇರೆಯೇ ತಪ್ಪು. ಅಪರಾಧಕ್ಕೆ ಸಿಕ್ಕಿದ ಅಥವಾ ಸಾಕ್ಷಿಯಾದ ಮಗುವಿನ ಗುರುತು ಸುದ್ದಿಯಲ್ಲಿ ಬರಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ, ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ನಮ್ಮ ಪ್ರಕಾರ ಆ ಮಗು ಕಳ್ಳಿಯ ಕೈಯಿಂದ ತಪ್ಪಿಸಿಕೊಂಡ ಮಗು. ಹಾಗಿದ್ದ ಮೇಲೆ ಮುಖ ಮುಚ್ಚಲೇಬೇಕಿತ್ತು ಅಲ್ವಾ? ನಮ್ಮ ಕಥೆಯನ್ನ ನಾವೇ ನಂಬಿದ್ದರೂ ಆ ಕೆಲಸ ಆಗಬೇಕಿತ್ತು. ಯಾರ ತಲೆಗೂ ಬರಲಿಲ್ಲ.

ನಾಲ್ಕು ನಲವತ್ತಕ್ಕೆ ಜಿಲ್ಲಾ ವರದಿಗಾರರ ಫೋನ್. ಎಸ್‌ಐ ಸಿಕ್ಕಿದ್ದರು. ಆಕೆ ಕೂದಲು ವ್ಯಾಪಾರದವಳು. ಬಾಚಿದಾಗ ಉದುರಿದ ಕೂದಲನ್ನು ಮನೆಮನೆಗೆ ಹೋಗಿ ತೂಕಕ್ಕೆ ತಗೊಂಡು ಸ್ಟೀಲ್ ಪಾತ್ರೆ ಕೊಡುತ್ತಾರಲ್ಲ, ಅವರು. ಆ ಕೂದಲು ಕೈಯಿಂದ ಕೈಗೆ ಹೋಗಿ ಕೊಪ್ಪಳದ ಭಾಗ್ಯನಗರದಂಥ ಕಡೆ ಸೇರುತ್ತದೆ, ಅಲ್ಲಿ ಬಿಡಿಸಿ, ಹದ ಮಾಡಿ, ವಿದೇಶಕ್ಕೂ ಹೋಗುತ್ತದೆ. ಕವರ್‌ನಲ್ಲಿ ಕಪ್ಪಗೆ ಇದ್ದದ್ದು ಅದೇ ಕೂದಲು. ಮಕ್ಕಳು ಅಮ್ಮನ ಕೂದಲುಂಡೆ ತಂದುಕೊಟ್ಟರೆ ಬಲೂನೋ ಪೆಪ್ಪರ್‌ಮೆಂಟೋ ಕೊಡೋದು ಆ ವ್ಯಾಪಾರದ ಚಿಲ್ಲರೆ ಲೆಕ್ಕ. ನಾವು ಕೆಂಪು ವೃತ್ತ ಎಳೆದಿದ್ದು ಆ ಚಿಲ್ಲರೆಗೆ. ಹುಬ್ಬಿನ ಮೇಲೆ ಹೊಲಿಗೆ ಹಾಕಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಲಗಿಸಿದ್ದಾರೆ, ಪೊಲೀಸರು ಊರಿನ ಕೆಲವರ ಮೇಲೆ ಕೇಸ್ ಹಾಕುತ್ತಿದ್ದಾರೆ ಅಂದರು.

ಫೋನಿಟ್ಟ ಮೇಲೆ ನಾನು ಹೆಡ್‌ಫೋನ್ ಹಾಕಿಕೊಂಡು ಒರಿಜಿನಲ್ ವಿಡಿಯೊ ಮೊದಲ ಸಲ ಪೂರ್ತಿ ಕೇಳಿದೆ. ಗಲಾಟೆಯ ಕೆಳಗೆ, ಹದಿನಾಲ್ಕನೇ ಸೆಕೆಂಡಿನ ಹತ್ತಿರ, ಆಕೆ ದನಿ ಇದೆ. 'ಕೂದ್ಲಿಗೆ ಪಾತ್ರೆ ಕೊಡಾಕೆ ಬಂದಿದ್ನಪ್ಪ, ವರ್ಷಾ ವರ್ಷಾ ಬತ್ತೀನಿ, ಗೌಡ್ರ ಮನೇಲಿ ಕೇಳ್ರಪ್ಪ.' ಎರಡು ಸಲ ಹೇಳಿದ್ದಾಳೆ. ಅರ್ಧ ಗಂಟೆ ಕಾಯಬೇಕಿತ್ತಾ, ಎಸ್‌ಐ ಸಿಗಬೇಕಿತ್ತಾ, ಅದೆಲ್ಲ ಆಮೇಲಿನ ಮಾತು. ಕೇಳಬೇಕಾಗಿದ್ದದ್ದು ಕ್ಲಿಪ್‌ನಲ್ಲೇ ಇತ್ತು, ನಾವು ಸೌಂಡ್ ತೆಗೆದಿದ್ದೆವು.

ಈಗ ಏನು ಮಾಡೋದು? ಡೆಸ್ಕ್‌ನಲ್ಲಿ ಇದಕ್ಕೆ ರೂಢಿಯ ಉತ್ತರ ಒಂದಿದೆ: ಡ್ರಾಪ್. ಸುದ್ದಿ ಇರಲೇ ಇಲ್ಲ ಅನ್ನೋ ಹಾಗೆ ಮುಂದಿನ ಬುಲೆಟಿನ್‌ನಿಂದ ತೆಗೆದುಬಿಡೋದು. ನಾನು ಸ್ವಲ್ಪ ಜಗಳ ಮಾಡಿದ್ದಕ್ಕೆ ಪರದೆ ಕೆಳಗೆ ಓಡುವ ಸ್ಕ್ರಾಲ್ ಹಾಕೋಣ ಅಂತ ಆಯಿತು. 'ಮಹಿಳೆ ಮಕ್ಕಳ ಕಳ್ಳಿ ಅಲ್ಲ: ಪೊಲೀಸರ ಸ್ಪಷ್ಟನೆ.' ಇದು ಚಿನ್ನದ ರೇಟ್ ಮತ್ತು ಕೆಆರ್‌ಎಸ್ ನೀರಿನ ಮಟ್ಟದ ನಡುವೆ ಓಡಿತು. ನನಗೆ ಆ ಸಂಜೆ ಸಮಾಧಾನವೇ ಆಗಿತ್ತು, ಸುಳ್ಳು ಹೇಳೋದಿಲ್ಲ. ಆ ಸ್ಕ್ರಾಲ್‌ನಲ್ಲಿ ಎರಡು ದೋಷ ಇದೆ ಅಂತ ತಿಳಿದದ್ದು ನಂತರ. ಒಂದು, ಅದರಲ್ಲೂ ಕಣ್ಣಿಗೆ ಬೀಳೋದು 'ಮಕ್ಕಳ ಕಳ್ಳಿ' ಅನ್ನೋ ಮಾತೇ, 'ಅಲ್ಲ' ಕೊನೆಗೆ ಸಣ್ಣಗೆ ಬರುತ್ತದೆ. ಇನ್ನೊಂದು, ತಪ್ಪು ಯಾರು ಹೇಳಿದ್ದು ಅಂತ ಇಲ್ಲ. ಪೊಲೀಸರು ಸುಮ್ಮನೆ ಯಾರಿಗೋ ಸ್ಪಷ್ಟನೆ ಕೊಟ್ಟ ಹಾಗಿದೆ.

ಯೂಟ್ಯೂಬ್ ಕಡೆ ಯಾರೂ ನೋಡಲಿಲ್ಲ. ನಮ್ಮಲ್ಲಿ ಡಿಜಿಟಲ್ ಟೀಮ್ ಬೇರೆ ಮಹಡಿಯಲ್ಲಿ, ಬೇರೆ ಗ್ರೂಪ್‌ನಲ್ಲಿ. ಮಧ್ಯಾಹ್ನವೇ ಕ್ಲಿಪ್ ಅಪ್‌ಲೋಡ್ ಆಗಿತ್ತು, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲದೆ. ಎರಡು ದಿನದ ಮೇಲೆ ಪಕ್ಕದ ತಾಲ್ಲೂಕಿನ ಹಳ್ಳಿಯಲ್ಲಿ ಪಾತ್ರೆ ಚೀಲ ಹೊತ್ತ ಇಬ್ಬರು ಹೆಂಗಸರನ್ನು ಜನ ಸುತ್ತುವರಿದರು. ಒಬ್ಬ ಹುಡುಗ ಮೊಬೈಲ್ ಎತ್ತಿ ಹಿಡಿದು ಎಲ್ಲರಿಗೂ ವಿಡಿಯೊ ತೋರಿಸುತ್ತಿದ್ದನಂತೆ, ಮೂಲೆಯಲ್ಲಿ ನಮ್ಮ ಲೋಗೋ. ಬೀಟ್ ಪೊಲೀಸ್ ಒಬ್ಬರು ಅಲ್ಲೇ ಇದ್ದದ್ದಕ್ಕೆ ಅವರಿಬ್ಬರು ಉಳಿದರು. ಅಷ್ಟೇ ವ್ಯತ್ಯಾಸ.

ಪ್ರಕರಣ ತಿರುಗಿದ್ದು ಮಾರನೇ ದಿನ, ಒಂದು ಫೋನಿನಿಂದ. ರಿಸೆಪ್ಷನ್‌ನವರು ಯಾವ ಎಕ್ಸ್‌ಟೆನ್ಷನ್‌ಗೆ ಹಾಕಬೇಕೋ ತಿಳಿಯದೆ ಡೆಸ್ಕ್‌ಗೆ ಹಾಕಿದರು. ಆಕೆಯ ಮಗ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. 'ಸಾರ್, ನಮ್ಮವ್ವ ಟೀವೀಲಿ ಬಂದೈತೆ ಅಂತ ಯಾವೂರಲ್ಲೂ ಸೇರಿಸ್ತಿಲ್ಲ. ಕಳ್ಳಿ ಅಲ್ಲ ಅಂತ ಒಂದು ಸಲ ಹೇಳಿ ಸಾರ್. ಅದೇ ಟೈಮಲ್ಲಿ ಹೇಳಿ.'

ಅದೇ ಟೈಮಲ್ಲಿ. ಮಧ್ಯಾಹ್ನ ಒಂದೂವರೆಗೆ ನೋಡಿದವರು ರಾತ್ರಿ ಹನ್ನೊಂದರ ಸ್ಕ್ರಾಲ್ ನೋಡೋದಿಲ್ಲ, ಇದು ಅವನಿಗೆ ಗೊತ್ತಿತ್ತು. ಮಜಾ ಏನು ಅಂದರೆ ಚಾನೆಲ್‌ಗಳ ಒಕ್ಕೂಟ ತಾನೇ ಬರೆದುಕೊಂಡ ನೀತಿಸಂಹಿತೆಯಲ್ಲೂ ಇದೇ ಇದೆ: ದೊಡ್ಡ ತಪ್ಪಾದರೆ ಕೂಡಲೇ ಒಪ್ಪಿಕೊಂಡು ತಿದ್ದಬೇಕು, ತಿದ್ದಿದ್ದು ನೋಡುಗರ ಗಮನಕ್ಕೆ ಬರುವಂತಿರಬೇಕು, ಬಚ್ಚಿಡಬಾರದು. ಆ ಒಕ್ಕೂಟದ ದೂರು ಪ್ರಾಧಿಕಾರ ಶುರುವಾದದ್ದು 2008ರಲ್ಲಿ, ಮೊದಲ ಅಧ್ಯಕ್ಷರು ಸುಪ್ರೀಂ ಕೋರ್ಟ್‌ನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ. ಅದಕ್ಕೆ ಒಂದು ವರ್ಷ ಮೊದಲು, 2007ರ ಆಗಸ್ಟ್‌ನಲ್ಲಿ, ದೆಹಲಿಯಲ್ಲಿ ಒಂದು ಚಾನೆಲ್ ಸರ್ಕಾರಿ ಶಾಲೆಯ ಶಿಕ್ಷಕಿ ಮೇಲೆ ವಿದ್ಯಾರ್ಥಿನಿಯರನ್ನು ವೇಶ್ಯಾವಾಟಿಕೆಗೆ ತಳ್ಳುತ್ತಾಳೆ ಅಂತ ರಹಸ್ಯ ಕ್ಯಾಮೆರಾದ ಸ್ಟಿಂಗ್ ಹಾಕಿತ್ತು. ಜನ ಶಾಲೆಗೆ ನುಗ್ಗಿ ಆಕೆಯ ಬಟ್ಟೆ ಹರಿದರು, ಕೆಲಸವೂ ಹೋಯಿತು. ಆಮೇಲೆ ನೋಡಿದರೆ ಸ್ಟಿಂಗೇ ನಕಲಿ. ಕೇಂದ್ರ ಸರ್ಕಾರ ಆ ಚಾನೆಲ್ಲನ್ನು ಒಂದು ತಿಂಗಳು ಬಂದ್ ಮಾಡಿಸಿತ್ತು. ಹನ್ನೊಂದು ವರ್ಷ ಆದ ಮೇಲೂ ನಮ್ಮ ಡೆಸ್ಕ್‌ನಲ್ಲಿ ಆ ಸಂಹಿತೆ ಓದಿದವರು ಇಬ್ಬರೋ ಮೂವರೋ. ಆ ಮಗನಿಗಂತೂ ಮೊದಲು ಏಳು ದಿನದೊಳಗೆ ಚಾನೆಲ್‌ಗೆ ಬರೆಯಬೇಕು, ಉತ್ತರ ಸರಿಯಿಲ್ಲದಿದ್ದರೆ ಪ್ರಾಧಿಕಾರಕ್ಕೆ ಹೋಗಬೇಕು, ಪ್ರೆಸ್ ಕೌನ್ಸಿಲ್ ಇರೋದು ಪತ್ರಿಕೆಗಳಿಗೆ ಮಾತ್ರ, ಇದೆಲ್ಲ ಹೇಗೆ ಗೊತ್ತಾಗಬೇಕು? ಗೊತ್ತಿದ್ದರೂ ಪ್ರಾಧಿಕಾರ ಆಗ ಹಾಕಬಹುದಾಗಿದ್ದ ಹೆಚ್ಚೆಂದರೆ ದಂಡ ಒಂದು ಲಕ್ಷ. ಅದು ಏನೇನೂ ಸಾಲದು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಹತ್ತು ಸೆಕೆಂಡಿನ ಜಾಹೀರಾತು ಮಾರಿ ಬದುಕುವ ಉದ್ಯಮಕ್ಕೆ ಒಂದು ಲಕ್ಷ ಯಾವ ಲೆಕ್ಕ.

ಮೀಟಿಂಗ್ ಆಯಿತು. ಲೀಗಲ್‌ನವರು ತಪ್ಪು ಒಪ್ಪಿಕೊಳ್ಳಲೇಬೇಡಿ, ನಾಳೆ ಕೋರ್ಟಿನಲ್ಲಿ ಅದನ್ನೇ ತೋರಿಸುತ್ತಾರೆ ಅಂದರು. ಮಾರ್ಕೆಟಿಂಗ್‌ನವರು ಮಾತಾಡಲಿಲ್ಲ. ನಿರ್ಧಾರ ತಗೊಂಡದ್ದು ಸಂಪಾದಕರು. ಅವರು ಆ ಆಡಿಯೊ ಕೇಳಿಸಿ ಅಂದರು, ನಾನು ಸ್ಪೀಕರ್‌ಗೆ ಹಾಕಿದೆ, 'ಗೌಡ್ರ ಮನೇಲಿ ಕೇಳ್ರಪ್ಪ' ಅಂತ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಒಂದೂವರೆಗೇ ಹಾಕಿ' ಅಂದರು. ಅವರು ಈ ಕ್ಲಿಪ್ ಕೇಳದೆ ಬರೀ ನನ್ನ ವಾದ ಕೇಳಿದ್ದರೆ ಒಪ್ಪುತ್ತಿದ್ದರು ಅಂತ ನನಗನ್ನಿಸೋದಿಲ್ಲ.

ಸ್ಕ್ರಿಪ್ಟ್ ಬರೆಯೋದಕ್ಕೆ ಕೂತಾಗ ಇನ್ನೊಂದು ಸುತ್ತು. ನಾನು ಬರೆದಿದ್ದು: 'ನಮ್ಮಲ್ಲಿ ತಪ್ಪಾಗಿ ಪ್ರಸಾರವಾಗಿತ್ತು.' ಲೀಗಲ್ ತಿದ್ದಿದ್ದು: 'ಕೆಲವು ಮಾಧ್ಯಮಗಳಲ್ಲಿ ಪ್ರಸಾರವಾಗಿತ್ತು.' ಎಳೆದಾಡಿ ಕೊನೆಗೆ ನಿಂತಿದ್ದು: 'ನಮ್ಮಲ್ಲೂ ತಪ್ಪಾಗಿ ಪ್ರಸಾರವಾಗಿತ್ತು.' ಆ 'ಲೂ' ನೋಡಿ. ಒಂದೇ ಅಕ್ಷರದಲ್ಲಿ ಬೇರೆ ಚಾನೆಲ್‌ಗಳನ್ನೆಲ್ಲ ಪಕ್ಕಕ್ಕೆ ಕರೆದು ಕೂರಿಸಿಕೊಂಡೆವು. ನಾನು ಒಪ್ಪಿದೆ. ಅದಕ್ಕಿಂತ ಜಾಸ್ತಿ ಜಗ್ಗಿದರೆ ಇಡೀ ಐಟಂ ಹೋಗುತ್ತೆ ಅನ್ನೋ ಭಯ ಇತ್ತು, ಈಗಲೂ ಅದು ಸರಿಯೋ ತಪ್ಪೋ ತೀರ್ಮಾನಕ್ಕೆ ಬಂದಿಲ್ಲ.

ಮುಖದ ವಿಷಯದಲ್ಲಿ ನಾನು ಪೂರ್ತಿ ಎಡವಿದ್ದೆ. ಈ ಸಲ ಜಾಗ್ರತೆಯಾಗಿ ಇರೋಣ ಅಂತ, ಆಕೆಯ ಮುಖ ಬ್ಲರ್ ಮಾಡಿ ಬರೀ ದನಿ ಹಾಕುತ್ತೇವೆ ಅಂತ ಮಗನಿಗೆ ಫೋನಲ್ಲಿ ಹೇಳಿದೆ. ಅವನು ಕೇಳಿದ: 'ಮುಖ ಮುಚ್ಚಿದ್ರೆ ಕಳ್ಳಿ ಅಂತ್ಲೇ ಅಲ್ವಾ ಸಾರ್ ಅರ್ಥ?' ಅವನು ಹೇಳಿದ್ದು ನಿಜ. ನಮ್ಮ ಟೀವಿಯಲ್ಲಿ ಮುಖ ಮುಚ್ಚಿಕೊಂಡು ಬರೋದು ಆರೋಪಿಗಳು. ಮುಚ್ಚಬೇಕಿದ್ದಾಗ ತೋರಿಸಿದ್ದೆವು, ಈಗ ಅವರು ತೋರಿಸಿ ಅಂದಾಗ ಮುಚ್ಚಲು ಹೊರಟಿದ್ದೆವು. ಹಳೇ ಕ್ಲಿಪ್ ಒಂದು ಫ್ರೇಮ್ ಕೂಡ ಹಾಕೋದಿಲ್ಲ, ಹೊಸದಾಗಿ ಆಕೆ ಒಪ್ಪಿದರೆ ಮಾತ್ರ ಆಕೆಯ ಮುಖದ ಜೊತೆ ಅಂತ ತೀರ್ಮಾನ ಆಯಿತು. ಅದೇ ಸ್ಟ್ರಿಂಗರ್ ಹುಡುಗ ಹೋದ, ಈ ಸಲ ನಿಜವಾಗಿ ಸ್ಥಳಕ್ಕೆ. ಟಾರ್ಪಾಲಿನ್ ಗುಡಿಸಲಿನ ಮುಂದೆ ಆಕೆ ತಕ್ಕಡಿ, ಡಬ್ಬಿ, ಕೂದಲ ಕವರ್ ಎಲ್ಲ ಜೋಡಿಸಿಕೊಂಡು ಕೂತಿದ್ದಳು, ಹುಬ್ಬಿನ ಮೇಲೆ ಪಟ್ಟಿ. ಮೂರು ಮಾತು ಹೇಳಿದಳು. ರೆಕಾರ್ಡಿಂಗ್ ಮುಗಿದ ಮೇಲೆ, ಕ್ಯಾಮೆರಾ ಇನ್ನೂ ಆನ್ ಇದೆ, ಕೇಳಿದಳು: 'ಇದನ್ನೂ ಅಷ್ಟು ಸಲ ಹಾಕ್ತೀರೇನಪ್ಪ?' ಹುಡುಗ ಏನೋ ಗೊಣಗಿದ್ದು ಕೇಳುತ್ತದೆ.

ಐದನೇ ದಿನ ಒಂದೂವರೆಗೆ ಎರಡೂವರೆ ನಿಮಿಷದ ಐಟಂ ಹೋಯಿತು. ಒಂದು ಸಲ. ಸಂಜೆ ಆರಕ್ಕೆ ಇನ್ನೊಂದು ಸಲ ಹಾಕಿಸಿದೆ. 30ರ ಎದುರು ಎರಡು.

ಫಲ ಏನಾಯಿತು? ಮಗ ಹೇಳಿದ ಪ್ರಕಾರ ಹತ್ತಿರದ ಊರುಗಳಲ್ಲಿ ಸ್ವಲ್ಪ ಸಲೀಸಾಯಿತು, ಅದೂ ಟೀವಿ ನೋಡಿ ಅಂತಲ್ಲ. ಆ ಎರಡೂವರೆ ನಿಮಿಷವನ್ನ ಅವನು ಫೋನಿಗೆ ಇಳಿಸಿಕೊಂಡು ಹೋದ ಕಡೆ ಎಲ್ಲ ತೋರಿಸುತ್ತಿದ್ದ, ಆಧಾರ್ ಕಾರ್ಡ್ ತೋರಿಸುವ ಹಾಗೆ. ಆಕೆ ಮಾತ್ರ ಆ ವರ್ಷ ವ್ಯಾಪಾರಕ್ಕೆ ಹೊರಡಲಿಲ್ಲ. ರೇಟಿಂಗ್ ಮೇಲೆ ತಿದ್ದುಪಡಿಯಿಂದ ಏನೂ ಆಗಲಿಲ್ಲ. ತಪ್ಪು ಒಪ್ಪಿಕೊಂಡರೆ ಚಾನೆಲ್ ಮರ್ಯಾದೆ ಹೋಗುತ್ತದೆ ಅಂತ ಹೆದರಿಸಿದ್ದರಲ್ಲ, ಹಾಗೇನೂ ಆಗಲಿಲ್ಲ, ಯಾರೂ ಕೇಸ್ ಹಾಕಲಿಲ್ಲ.

ಡೆಸ್ಕ್‌ನಲ್ಲಿ ಮೂರು ಬದಲಾವಣೆ ತಂದೆವು, ಮೂರಕ್ಕೂ ಬೇರೆ ಬೇರೆ ಗತಿ. ಹೊರಗಿನಿಂದ ಬಂದ ಯಾವ ವಿಡಿಯೊವನ್ನೂ ಒಬ್ಬರು ಹೆಡ್‌ಫೋನ್ ಹಾಕಿ ಪೂರ್ತಿ ಕೇಳದೆ ಏರ್ ಮಾಡಬಾರದು ಅನ್ನೋದು ಉಳಿಯಿತು, ಯಾಕೆಂದರೆ ಅದಕ್ಕೆ ಒಂದು ನಿಮಿಷ ಸಾಕು, ದುಡ್ಡು ಬೇಡ. ಪ್ರಶ್ನಾರ್ಥಕ ಚಿಹ್ನೆ ನಿಷೇಧ ಮೂರು ತಿಂಗಳು ಬಾಳಿತು, ಚುನಾವಣೆ ಸುದ್ದಿ ಜೋರಾದಾಗ ತಾನಾಗೇ ವಾಪಸ್ ಬಂತು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು: ಸ್ಟ್ರಿಂಗರ್ ಒಂದು ವಿಡಿಯೊ ವಿಚಾರಿಸಿ 'ಇದು ಸುಳ್ಳು, ಹಾಕಬೇಡಿ' ಅಂದರೆ ಅದಕ್ಕೂ ಒಂದು ಸ್ಟೋರಿಯ ದುಡ್ಡು ಕೊಡೋದು. ಏರ್ ಆದರೆ ಮಾತ್ರ ದುಡ್ಡು ಅನ್ನೋ ಪದ್ಧತಿಯಲ್ಲಿ ಯಾವ ಹುಡುಗ ತಾನೇ ತನ್ನ ಸುದ್ದಿಗೆ ಅಡ್ಡ ಹಾಕಿಕೊಳ್ಳುತ್ತಾನೆ? ಒಂದು ತಿಂಗಳು ಕೊಟ್ಟೆವು. ಆ ತಿಂಗಳು ನಮ್ಮ ಹುಡುಗನೇ ಎರಡು ವಿಡಿಯೊ ತಡೆದ. ಆಮೇಲೆ ಅಕೌಂಟ್ಸ್‌ನಿಂದ ಒಂದು ಮೇಲ್ ಬಂತು: ಪ್ರಸಾರವಾಗದ ಸುದ್ದಿಗೆ ಬಿಲ್ ಹೇಗೆ ಪಾಸ್ ಮಾಡೋದು, ದಯವಿಟ್ಟು ತಿಳಿಸಿ. ತಿಳಿಸೋಕೆ ಯಾರಿಗೂ ಪುರುಸೊತ್ತು ಇರಲಿಲ್ಲ.

ಯೂಟ್ಯೂಬ್‌ನಿಂದ ನಮ್ಮ ಕ್ಲಿಪ್ ಕೆಳಗಿಳಿಸೋದಕ್ಕೆ ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಬೇರೆಯವರು ಇಳಿಸಿಕೊಂಡು ಮತ್ತೆ ಹಾಕಿದ್ದರು. ಒಂದು ಕಾಪಿ ಈಗಲೂ ಇದೆ, ಅದೇ ಮ್ಯೂಸಿಕ್, ಅದೇ ಕೆಂಪು ವೃತ್ತ. ಕೆಲಸ ಬಿಟ್ಟ ಮೇಲೂ ನಾಲ್ಕು ಸಲ ರಿಪೋರ್ಟ್ ಹೊಡೆದಿದ್ದೇನೆ. ಮೂಲೆಯಲ್ಲಿ ನಮ್ಮ ಹಳೇ ಲೋಗೋ ಮಾತ್ರ ಯಾರೋ ಬ್ಲರ್ ಮಾಡಿದ್ದಾರೆ.